ಚಿಕ್ಕಪ್ಪನನ್ನು ನೋಡಿಕೊಳ್ಳಲು ಮನೆಗೆ ಮರಳಿದೆ: ನನ್ನ ಅನುಭವ

ಫೋನ್ ಮಾಡಿದ್ದು ಅವನು, ಒಂದು ಕಾಲದಲ್ಲಿ ನಾನು ಪ್ರೀತಿಸಿದ್ದವನು. 17 ವರ್ಷ ಆದಮೇಲೆ ಅವನ ಧ್ವನಿ ಕೇಳಿದ್ದು ಅವತ್ತೇ. "ಚಿಕ್ಕಪ್ಪ ಬಚ್ಚಲಲ್ಲಿ ಬಿದ್ದಿದ್ದಾರೆ. ಮೂಳೆ ಮುರಿದಿಲ್ಲ. ಆದರೆ ಇನ್ನು ಒಬ್ಬರೇ ಇರೋಕಾಗಲ್ಲ, ನೀನು ಬರಬೇಕು" ಅಂದ. ಹೇಗಿದ್ದೀಯ ಅಂತ ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೂರನೇ ದಿನ ಬ್ಯಾಗ್ ಹಿಡಿದು ಮನೆ ಬಾಗಿಲಲ್ಲಿ ನಿಂತಿದ್ದೆ.

ಚಿಕ್ಕಪ್ಪ ಅಂದರೆ ನನ್ನ ಮಲತಂದೆ. ನನಗೆ 11 ವರ್ಷ ಇದ್ದಾಗ ಅಮ್ಮ ಅವರನ್ನು ಮದುವೆಯಾದಳು. ಅಪ್ಪ ಅನ್ನು ಅಂತ ಯಾರೂ ಒತ್ತಾಯ ಮಾಡಲಿಲ್ಲ, ನಾನು ಅನ್ನಲೂ ಇಲ್ಲ. ನಮ್ಮಿಬ್ಬರ ಮಧ್ಯೆ ಜಗಳ ಇರಲಿಲ್ಲ, ಮಾತೂ ಇರಲಿಲ್ಲ. ಏನು ಹೇಳಬೇಕಿದ್ದರೂ ಅಮ್ಮನ ಮೂಲಕ ಹೋಗುತ್ತಿತ್ತು. ಅಮ್ಮ ತೀರಿಕೊಂಡು 3 ವರ್ಷ ಆಗಿತ್ತು. ಚಿಕ್ಕಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾಗಿ ಆಗಲೇ 7 ವರ್ಷ. ಅಷ್ಟೂ ವರ್ಷ ನಾನು ದೂರದಿಂದ ದುಡ್ಡು ಕಳಿಸಿದ್ದೆ, ತಿಂಗಳಿಗೊಮ್ಮೆ ಫೋನಿನಲ್ಲಿ "ಮಾತ್ರೆ ತಗೊಂಡ್ರಾ" ಅಂತ ಕೇಳಿದ್ದೆ, ಅಷ್ಟೇ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋಗುವ ಮುಂಚೆ ನಾನು ಎಷ್ಟೋ ಓದಿದ್ದೆ. ಕಾಯಿಲೆ ಬಗ್ಗೆ ಬೇಕಾದಷ್ಟು ಸಿಗುತ್ತದೆ. ಆದರೆ ಹತ್ತಿರವೇ ಆಗಿರದ ಒಬ್ಬರ ಮೈ ಒರೆಸುವುದು ಹೇಗೆ, ಅದೇ ಮನೆಗೆ ದಿನಾ ಬಂದು ಹೋಗುವ ಹಳೆಯ ಪ್ರೀತಿಯ ಎದುರು ನಿದ್ದೆಗೆಟ್ಟ ಮುಖ ಹೊತ್ತು ನಿಲ್ಲುವುದು ಹೇಗೆ ಅಂತ ಯಾರೂ ಬರೆದಿರಲಿಲ್ಲ. ನಾನು ಮಾಡಿದ್ದನ್ನು ಬರೆಯುತ್ತೇನೆ. ಸರಿಯಾದದ್ದನ್ನೂ, ತಪ್ಪಾದದ್ದನ್ನೂ.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ಒಳಗೆ ಹೋದಾಗ ಚಿಕ್ಕಪ್ಪ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿದರು. ಮುಖದಲ್ಲಿ ಏನೂ ಇಲ್ಲ. ನಗು ಇಲ್ಲ, ಆಶ್ಚರ್ಯ ಇಲ್ಲ, ಕಣ್ಣು ಮಿಟುಕಿಸಿದ್ದೂ ಕಡಿಮೆ. ನಾನು ಬಂದದ್ದು ಇವರಿಗೆ ಇಷ್ಟವಾಗಿಲ್ಲ ಅಂದುಕೊಂಡೆ. ಆ ರಾತ್ರಿ ಅದೇ ಕೊರಗಿನಲ್ಲಿ ಮಲಗಿದೆ. ಆಮೇಲೆ ನರರೋಗ ತಜ್ಞರ ಹತ್ತಿರ ಹೋದಾಗ ಅವರು ಹೇಳಿದ್ದು ಇದು: ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯುತ್ತವೆ, ಒಳಗೆ ಖುಷಿ ಇದ್ದರೂ ಮುಖಕ್ಕೆ ಬರುವುದಿಲ್ಲ, ಮುಖವಾಡ ಹಾಕಿದ ಹಾಗೆ ಕಾಣುತ್ತದೆ. ಮನೆಯವರು ಇದನ್ನು ಸಿಟ್ಟು ಅಂತಲೋ ಅಸಡ್ಡೆ ಅಂತಲೋ ಓದಿಕೊಂಡು ಬಹಳ ನೋಯುತ್ತಾರೆ ಅಂತಲೂ ಹೇಳಿದರು. ನನಗೆ ಇದು ಗೊತ್ತಿರಲಿಲ್ಲ ಅನ್ನುವುದಕ್ಕಿಂತ, ಅವರ ಮುಖವನ್ನು ನಾನು ಯಾವತ್ತೂ ಸರಿಯಾಗಿ ನೋಡಿರಲೇ ಇಲ್ಲ ಅನ್ನುವುದು ಹೆಚ್ಚು ನಿಜ. ಅವತ್ತಿನಿಂದ ಮುಖ ನೋಡಿ ತೀರ್ಮಾನ ಮಾಡುವುದು ಬಿಟ್ಟೆ. ಬಾಯಿ ಬಿಟ್ಟು ಕೇಳತೊಡಗಿದೆ. "ಬೇಜಾರಾಯ್ತಾ?" "ನೋಯ್ತಿದೆಯಾ?" "ಖುಷಿನಾ?" ಕೇಳಿ ಕಾಯುತ್ತಿದ್ದೆ.

ಕಾಯುವುದು ಅಂದರೆ ನಿಜವಾಗಿ ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಅವರಿಗೆ ಉತ್ತರ ಜೋಡಿಸಲು ಸಮಯ ಬೇಕು. ನಾನು ಮೊದಲೆಲ್ಲ ಎರಡು ಸೆಕೆಂಡ್ ನೋಡಿ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಆಗ ಮೊದಲನೆಯದೂ ಹೋಗುತ್ತಿತ್ತು, ಎರಡನೆಯದೂ ಹೋಗುತ್ತಿತ್ತು. ಆಮೇಲೆ ಮನಸ್ಸಿನಲ್ಲೇ 20ರವರೆಗೆ ಎಣಿಸುವ ಅಭ್ಯಾಸ ಮಾಡಿಕೊಂಡೆ. ಎಷ್ಟೋ ಸಲ 15ಕ್ಕೋ 16ಕ್ಕೋ ಉತ್ತರ ಬರುತ್ತಿತ್ತು.

ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಅರ್ಥವಾದ ಮೇಲೆಯೇ ನನ್ನ ಕೈ ಸರಿಯಾಗಿ ಓಡಿದ್ದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದರ ಬಗ್ಗೆ ಬರೆದ, ಅದಕ್ಕೇ ಅವನ ಹೆಸರು. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಕೋಶಗಳು ನಿಧಾನವಾಗಿ ಸಾಯುತ್ತವೆ. ಡೋಪಮೈನ್ ಕಡಿಮೆಯಾದರೆ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಕೆಲವರಿಗೆ ಕೈ ನಡುಗುತ್ತದೆ. ನಡುಕ ಎಲ್ಲರಿಗೂ ಇರುವುದಿಲ್ಲ. ಚಿಕ್ಕಪ್ಪನಿಗೆ ನಡುಕ ಕಡಿಮೆ, ಬಿಗಿತ ಜಾಸ್ತಿ. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬೀಸುವುದು ಇವೆಲ್ಲ ಎಷ್ಟೋ ವರ್ಷ ಮೊದಲೇ ಶುರುವಾಗಬಹುದಂತೆ. ಅದನ್ನು ಕೇಳಿದಾಗ ನೆನಪಾಯಿತು, ಒಲೆ ಮೇಲೆ ಏನೋ ಸೀದು ಮನೆಯೆಲ್ಲ ಹೊಗೆಯಾಗಿದ್ದರೂ ಇವರು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು, ಅಮ್ಮ ಬೈದಿದ್ದಳು. ಆಗ ಕಾಯಿಲೆಯ ಸುದ್ದಿಯೇ ಇರಲಿಲ್ಲ.

ಮುಖ್ಯ ಔಷಧ ಲೆವೊಡೋಪಾ. ಅದು ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ದಾರಿಯಲ್ಲೇ ಬದಲಾಗಿ ಹಾಳಾಗದಿರಲಿ ಅಂತ ಜೊತೆಗೆ ಕಾರ್ಬಿಡೋಪಾ ಸೇರಿಸಿರುತ್ತಾರೆ. ಈ ಮಾತ್ರೆಯ ವಿಷಯದಲ್ಲಿ ನಾನು ಕಲಿತ ಒಂದೇ ಒಂದು ಮಾತು ಹೇಳು ಅಂದರೆ, ಹೊತ್ತು. ಬೇರೆ ಎಷ್ಟೋ ಮಾತ್ರೆಗಳನ್ನು ಅರ್ಧ ಗಂಟೆ ತಡವಾಗಿ ಕೊಟ್ಟರೆ ಏನೂ ಆಗಲ್ಲ. ಇದು ಹಾಗಲ್ಲ. ಚಿಕ್ಕಪ್ಪನಿಗೆ ದಿನಕ್ಕೆ 5 ಸಲ. ಒಂದು ಡೋಸ್ ಇಳಿಯುವ ಹೊತ್ತಿಗೆ ಇನ್ನೊಂದು ಏರಬೇಕು. 40 ನಿಮಿಷ ತಡವಾದರೆ ಅವರು ಕುರ್ಚಿಯಲ್ಲೇ ಕಲ್ಲಾಗುತ್ತಿದ್ದರು. ನಾನು ಫೋನಿನಲ್ಲಿ 5 ಅಲಾರಂ ಇಟ್ಟೆ. ಪ್ರೋಟೀನ್ ಈ ಮಾತ್ರೆಗೆ ಅಡ್ಡ ಬರುತ್ತದೆ, ಎರಡೂ ಒಂದೇ ಬಾಗಿಲಲ್ಲಿ ಒಳಗೆ ಹೋಗಬೇಕು ಅಂತ ತಳ್ಳಾಡುತ್ತವೆ. ಅದಕ್ಕೇ ಊಟಕ್ಕೆ 30 ನಿಮಿಷ ಮುಂಚೆ ಮಾತ್ರೆ. ಪ್ರೋಟೀನ್ ಜಾಸ್ತಿ ಇರುವುದನ್ನು ರಾತ್ರಿ ಊಟಕ್ಕೆ ಇಟ್ಟುಕೊಂಡೆ. ಡಾಕ್ಟರನ್ನು ಕೇಳದೆ ಈ ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಬಾರದು, ಅದು ಜೀವಕ್ಕೇ ಅಪಾಯ. ಯಾರೋ ಬಂದು "ಇಷ್ಟೊಂದು ಮಾತ್ರೆ ಯಾಕೆ, ಎರಡು ದಿನ ಬಿಟ್ಟು ನೋಡಿ" ಅಂದರೆ ದಯವಿಟ್ಟು ಕೇಳಬೇಡಿ.

ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಗಂಟೆಗೆ ಮಾತ್ರೆ, ಎಷ್ಟು ಗಂಟೆಗೆ ಸಲೀಸಾದರು, ಎಷ್ಟು ಗಂಟೆಗೆ ಮತ್ತೆ ಬಿಗಿದರು, ಎಷ್ಟು ಗಂಟೆಗೆ ಮೈ ತಾನೇ ತಾನಾಗಿ ಓಲಾಡಿತು. ಎರಡು ವಾರ ಬರೆದು ಡಾಕ್ಟರಿಗೆ ತೋರಿಸಿದೆ. ಅವರು ಹೊಸ ಮಾತ್ರೆ ಏನೂ ಬರೆಯಲಿಲ್ಲ. ಎರಡು ಡೋಸ್‌ಗಳ ಹೊತ್ತು ಬದಲಾಯಿಸಿದರು ಅಷ್ಟೇ. ಮಧ್ಯಾಹ್ನದ ಬಿಗಿತ ಅರ್ಧಕ್ಕರ್ಧ ಕಡಿಮೆಯಾಯಿತು. "ಏನೋ ಮಧ್ಯಾಹ್ನ ಕಷ್ಟ ಪಡ್ತಾರೆ ಡಾಕ್ಟರೇ" ಅಂತ ಬಾಯಲ್ಲಿ ಹೇಳಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನು ಅವನ ವಿಷಯ.

ನಾನು 20ರಿಂದ 24ರವರೆಗೆ ಅವನನ್ನು ಪ್ರೀತಿಸಿದ್ದೆ. ಮದುವೆ ಅಂತಲೇ ಇಬ್ಬರೂ ಅಂದುಕೊಂಡಿದ್ದೆವು. ನನಗೆ ದೂರದಲ್ಲಿ ಕೆಲಸ ಸಿಕ್ಕಿತು. ಹೋಗಬೇಡ ಅಂದ. ಅಮ್ಮ ಏನೂ ಹೇಳಲಿಲ್ಲ. ಚಿಕ್ಕಪ್ಪ ಒಂದೇ ಮಾತು ಹೇಳಿದರು, "ಹೋಗು." ಅದನ್ನು ನಾನು ಮನೆಯಿಂದ ಹೋಗು ಅಂತಲೇ ಕೇಳಿಸಿಕೊಂಡೆ. ಹೋದೆ. ಮೊದಲು ಕಾಗದ, ಆಮೇಲೆ ಫೋನ್, ಆಮೇಲೆ ಏನೂ ಇಲ್ಲ. ಅವನು ಮದುವೆಯಾದ ಅಂತ ಅಮ್ಮ ಹೇಳಿದಳು. ಆ ಮದುವೆ ಮುರಿಯಿತು ಅಂತಲೂ ಅವಳೇ ಹೇಳಿದಳು. ನಾನು ಮದುವೆಯಾಗಲಿಲ್ಲ. ಅವನಿಗಾಗಿ ಅಲ್ಲ, ಆಗಲಿಲ್ಲ ಅಷ್ಟೇ.

ನಾನು ಬರುವ ಮುಂಚೆ 2 ವರ್ಷದಿಂದ ಚಿಕ್ಕಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದುದು, ಮಾತ್ರೆ ತಂದುಕೊಡುತ್ತಿದ್ದುದು ಅವನು. ಯಾರೂ ಹೇಳಿರಲಿಲ್ಲ. ಎರಡನೇ ದಿನ ಬೆಳಿಗ್ಗೆ ಬಂದ. ಚಿಕ್ಕಪ್ಪ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದರು, ಕಾಲು ನೆಲಕ್ಕೆ ಅಂಟಿದ ಹಾಗೆ. ನಾನು ಅವರ ಎರಡೂ ಕೈ ಹಿಡಿದು ಮುಂದಕ್ಕೆ ಎಳೆಯುತ್ತಿದ್ದೆ. ಅವನು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಒಳಗೆ ಬಂದು "ಎಳೀಬೇಡ, ಬೀಳ್ತಾರೆ" ಅಂದ. ತನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟ. "ಇದನ್ನ ದಾಟಿ" ಅಂದ. ಚಿಕ್ಕಪ್ಪ ದಾಟಿದರು. ಆಮೇಲೆ ಒಂದು, ಎರಡು, ಮೂರು ಅಂತ ಎಣಿಸುತ್ತಾ ನಡೆದೇಬಿಟ್ಟರು.

ಅದನ್ನು ನೋಡಿ ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಇದು ನನ್ನ ಮನೆ, ನನ್ನ ಚಿಕ್ಕಪ್ಪ, ಇವನಿಗೆ ಗೊತ್ತು ನನಗೆ ಗೊತ್ತಿಲ್ಲ. ಅದರ ಬೆನ್ನಿಗೇ ನಾಚಿಕೆ. ಅದರ ಬೆನ್ನಿಗೆ, ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿರುವುದು ಕಂಡಿತು. ಮೂರೂ ಒಂದೇ ನಿಮಿಷದಲ್ಲಿ.

ಕಾಲು ಹೀಗೆ ಹೆಪ್ಪುಗಟ್ಟುವುದು ಬಾಗಿಲಲ್ಲಿ, ತಿರುವಿನಲ್ಲಿ, ಇಕ್ಕಟ್ಟಾದ ಜಾಗದಲ್ಲಿ ಜಾಸ್ತಿ. ಎಳೆಯಬಾರದು, ಬೇಗ ಬೇಗ ಅನ್ನಬಾರದು. ನಿಲ್ಲಿಸಿ, ನೆಟ್ಟಗೆ ನಿಲ್ಲಲು ಹೇಳಿ, ಭಾರವನ್ನು ಆ ಕಾಲಿಂದ ಈ ಕಾಲಿಗೆ ಒಂದೆರಡು ಸಲ ಬದಲಿಸಿ, ಆಮೇಲೆ ದೊಡ್ಡ ಹೆಜ್ಜೆ ಇಡಲು ಹೇಳಬೇಕು. ತಾನಾಗಿ ನಡೆಯುವ ದಾರಿ ಮಿದುಳಿನಲ್ಲಿ ಮುಚ್ಚಿದ್ದರೂ ಕಣ್ಣಿನ ಮೂಲಕ, ಎಣಿಕೆಯ ಮೂಲಕ ಬೇರೆ ದಾರಿ ತೆರೆದಿರುತ್ತದೆ. ಅವನು ಮಾರನೇ ದಿನ ಬಿಳಿ ಟೇಪ್ ತಂದು ಕೋಣೆ ಬಾಗಿಲಿನಿಂದ ಬಚ್ಚಲವರೆಗೆ ಒಂದೊಂದು ಹೆಜ್ಜೆಗೂ ಅಡ್ಡಗೆರೆ ಅಂಟಿಸಿದ. ಚಿಕ್ಕಪ್ಪ ಗೆರೆ ದಾಟುತ್ತಾ ಹೋಗುತ್ತಾರೆ. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗದೆ, ಅಗಲವಾಗಿ ಸುತ್ತಿ ಬರಬೇಕು. ನಾವು ಹಾಲಿನಲ್ಲಿದ್ದ ಟೀಪಾಯಿ ತೆಗೆದೆವು, ಕಾಲಿಗೆ ತೊಡರುವ ಮ್ಯಾಟ್‌ಗಳನ್ನೆಲ್ಲ ಎತ್ತಿದೆವು. ಕುರ್ಚಿಯಿಂದ ಏಳಿಸುವಾಗಲೂ ಕೈ ಎಳೆಯಬಾರದು. ಅಂಚಿಗೆ ಜರುಗಿ ಕೂರಬೇಕು, ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಇರಬೇಕು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಬೇಕು. ಆಗ ಅರ್ಧ ಕೆಲಸ ಮೈಯ ಭಾರವೇ ಮಾಡುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಕಷ್ಟ ಪಡುತ್ತಿದ್ದರು, ಸೊಂಟದ ಕೆಳಗೆ ಬರುವ ಹಾಗೆ ನುಣುಪಾದ ಸ್ಯಾಟಿನ್ ಬಟ್ಟೆ ಹಾಸಿದೆ. ಬಹಳ ಸಹಾಯವಾಯಿತು.

ಎದ್ದ ಕೂಡಲೇ ಬಿಪಿ ಇಳಿಯುವುದು ಇನ್ನೊಂದು ತೊಂದರೆ. ಬಚ್ಚಲಲ್ಲಿ ಬಿದ್ದದ್ದು ಅದರಿಂದಲೇ ಇರಬೇಕು ಅಂದರು ಡಾಕ್ಟರ್. ಮಲಗಿದ್ದಾಗ ಒಮ್ಮೆ, ಎದ್ದು ನಿಂತು 3 ನಿಮಿಷದೊಳಗೆ ಒಮ್ಮೆ ಬಿಪಿ ನೋಡಲು ಹೇಳಿದರು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಲಕ್ಷ್ಯ ಕೊಡಬೇಕು. ಚಿಕ್ಕಪ್ಪನಿಗೆ 32 ಇಳಿದಿತ್ತು. ಆಮೇಲೆ ಹಾಸಿಗೆಯಲ್ಲಿ ಕೂತು ಒಂದೆರಡು ನಿಮಿಷ ಕಾಲಾಡಿಸಿಯೇ ಏಳುವುದು ಅಂತ ಮಾಡಿದೆವು.

ಈಗ ಸ್ನಾನ. ಇದರ ಬಗ್ಗೆ ಬರೆಯಲು ಬಹಳ ಯೋಚಿಸಿದೆ, ಬರೆಯಲೇಬೇಕು. ನನ್ನ ಕೈಲಿ ಸ್ನಾನ ಮಾಡಿಸಿಕೊಳ್ಳಲು ಚಿಕ್ಕಪ್ಪ ಒಪ್ಪಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು. ಕೈ ಬಿಡಿಸಲು ಆಗಲಿಲ್ಲ. ಅವತ್ತು ಅದು ಬಿಗಿತ ಅಲ್ಲ, ಅವರ ನಿರ್ಧಾರ. ನನಗೂ ಒಳಗೊಳಗೆ ಸಂಕೋಚ ಇತ್ತು, ಹುಟ್ಟಿಸಿದ ಅಪ್ಪನಾಗಿದ್ದರೂ ಇರುತ್ತಿತ್ತು, ಇವರ ಜೊತೆ ನಾನು ಒಂದೇ ಸೋಫಾದಲ್ಲಿ ಕೂತದ್ದೂ ಇರಲಿಲ್ಲ. ಆದರೆ ಅವನು ಸ್ನಾನ ಮಾಡಿಸಿದರೆ ಒಪ್ಪುತ್ತಿದ್ದರು. ಹಾಗಾಗಿ ದಿನ ಬಿಟ್ಟು ದಿನ ಬೆಳಿಗ್ಗೆ ಅವನು ಬಂದ. ಎರಡು ತಿಂಗಳು. ನಾನು ಬಚ್ಚಲ ಬಾಗಿಲ ಹೊರಗೆ ಟವೆಲ್ ಹಿಡಿದು ನಿಲ್ಲುತ್ತಿದ್ದೆ. ಒಳಗಿಂದ ನೀರಿನ ಸದ್ದು, ಅವನು ಮೆಲ್ಲಗೆ "ಈಗ ಬೆನ್ನು, ಚಿಕ್ಕಪ್ಪ. ಈಗ ಎಡಗೈ" ಅನ್ನುವುದು ಕೇಳಿಸುತ್ತಿತ್ತು. ಇಷ್ಟು ಒಳ್ಳೆಯವನನ್ನು ಬಿಟ್ಟು ಹೋದೆನಲ್ಲ ಅನ್ನಿಸದೆ ಇರುತ್ತದಾ?

ಅನ್ನಿಸಿತು. ದಿನಾ ಅನ್ನಿಸಿತು.

ಎರಡನೇ ತಿಂಗಳ ಕೊನೆಗೆ ಚಿಕ್ಕಪ್ಪನ ಸ್ಥಿತಿ ಇದ್ದಕ್ಕಿದ್ದ ಹಾಗೆ ಕೆಟ್ಟಿತು. ಒಂದೇ ದಿನದಲ್ಲಿ. ನನ್ನನ್ನು ಗುರುತು ಹಿಡಿಯಲಿಲ್ಲ, ಬೀರು ಪಕ್ಕದಲ್ಲಿ ಒಂದು ಮಗು ಕೂತಿದೆ ಅಂದರು, ರಾತ್ರಿಯೆಲ್ಲ ಎದ್ದು ಬಾಗಿಲ ಕಡೆ ಹೋದರು. ಕಾಯಿಲೆ ಇಷ್ಟು ಬೇಗ ಮುಂದುವರಿಯಿತು ಅಂದುಕೊಂಡು ನಾನು 2 ದಿನ ಸುಮ್ಮನಿದ್ದೆ. ಅದು ನನ್ನ ದೊಡ್ಡ ತಪ್ಪು. ಈ ಕಾಯಿಲೆ ನಿಧಾನದ್ದು. ಒಂದೆರಡು ದಿನದಲ್ಲಿ ಹೀಗೆ ಕುಸಿದರೆ ಬೇರೆ ಏನೋ ಆಗಿದೆ ಅಂತ ಅರ್ಥ, ಮೂತ್ರದ ಸೋಂಕು, ಎದೆಯ ಸೋಂಕು, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಮಲ ಕಟ್ಟಿರುವುದು ಇಂಥದ್ದು. ಇವರಿಗೆ ಮೂತ್ರದ ಸೋಂಕು. ಜ್ವರವೂ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ವಾಂತಿ ಆಯಿತು ಅಂತ ಒಂದು ಇಂಜೆಕ್ಷನ್ ಕೊಟ್ಟರು. ಮೆಟೊಕ್ಲೋಪ್ರಮೈಡ್. ಅದು ಡೋಪಮೈನನ್ನೇ ತಡೆಯುವ ಔಷಧ, ಪಾರ್ಕಿನ್ಸನ್ ಇದ್ದವರಿಗೆ ಕೊಡಬಾರದ್ದು. ಆ ಸಂಜೆಯಿಂದ ಅವರು ಪೂರ್ತಿ ಬಿಗಿದುಹೋದರು, ಎಂಜಲು ನುಂಗಲೂ ಆಗದಷ್ಟು. ಅದರ ಮೇಲೆ, ವಾರ್ಡಿನ ಹೊತ್ತಿಗೆ ತಕ್ಕಂತೆ ಮಾತ್ರೆ ಕೊಡುತ್ತಿದ್ದರು, ನಮ್ಮ ಹೊತ್ತಿಗಲ್ಲ. ಅವನು ನೋಟ್‌ಬುಕ್ ಹಿಡಿದು ಡ್ಯೂಟಿ ಡಾಕ್ಟರ ಹಿಂದೆ ಹಿಂದೆ ಹೋಗಿ ಎಲ್ಲ ಹೇಳಿ ಸರಿಮಾಡಿಸಿದ. ಈಗ ಒಂದು ದಪ್ಪ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ: ಪಾರ್ಕಿನ್ಸನ್ ಇದೆ, ಲೆವೊಡೋಪಾ ಹೊತ್ತು ಇವು, ಮೆಟೊಕ್ಲೋಪ್ರಮೈಡ್ ಬೇಡ, ಹ್ಯಾಲೊಪೆರಿಡಾಲ್ (ಅದೂ ಡೋಪಮೈನ್ ತಡೆಯುವ ಔಷಧವೇ) ಬೇಡ. ನಿಮ್ಮ ಮನೆಯಲ್ಲಿ ಈ ಕಾಯಿಲೆಯವರಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ಇಂಥ ಒಂದು ಕಾಗದ ಇವತ್ತೇ ಮಾಡಿಡಿ.

ಆ ಆಸ್ಪತ್ರೆಯಲ್ಲಿ ನಾಲ್ಕನೇ ರಾತ್ರಿ. ನಾಲ್ಕೂ ರಾತ್ರಿ ಸೇರಿಸಿದರೆ ನಾನು 8 ಗಂಟೆ ಮಲಗಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಅವನ ಪಕ್ಕ ಕೂತು ಅತ್ತೆ. ಅವನು ಬೆನ್ನ ಮೇಲೆ ಕೈ ಇಟ್ಟು "ನಾನಿದ್ದೀನಲ್ಲ" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇನ್ನಾದರೂ ನಾವು ಜೊತೆಗಿರಬಹುದಲ್ವಾ" ಅಂದ. ಆ ಕ್ಷಣದಲ್ಲಿ ಅವನು ಏನು ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ. ಇದನ್ನು ಬಿಡಿಸಿ ಹೇಳುವುದು ಮುಖ್ಯ. ನನಗೆ ಅವನು ಬೇಕಿತ್ತಾ, ಅಥವಾ ರಾತ್ರಿ 2 ಗಂಟೆಗೆ ಇನ್ನೊಂದು ಜೊತೆ ಕೈ ಬೇಕಿತ್ತಾ, ನನಗೆ ಗೊತ್ತಿರಲಿಲ್ಲ. ಎರಡೂ ಒಂದೇ ಥರ ಕಾಣುತ್ತಿತ್ತು. ನಿದ್ದೆಗೆಟ್ಟವಳಿಗೆ ಆಸರೆ ಅಂದರೇನೇ ಪ್ರೀತಿ.

ಹೂಂ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಚಿಕ್ಕಪ್ಪ ಮನೆಗೆ ಬಂದ ಮೇಲೆ ಅಮ್ಮನ ತಂಗಿ ಬಂದು 3 ರಾತ್ರಿ ನೋಡಿಕೊಂಡರು. ನಾನು ಮಲಗಿದೆ. ನಾಲ್ಕನೇ ದಿನ ಎದ್ದಾಗ ತಲೆ ತಿಳಿಯಾಗಿತ್ತು. ಆಗ ಅವನಿಗೆ ಹೇಳಿದೆ: "ನೀನು ಕೇಳಿದ್ದಕ್ಕೆ ನಾನು ಈಗ ಉತ್ತರ ಕೊಡಲ್ಲ. ಮೊದಲು ಸ್ನಾನಕ್ಕೆ ಒಬ್ಬರನ್ನು ಗೊತ್ತು ಮಾಡ್ತೀನಿ. ನಿನ್ನ ಸಹಾಯ ಇಲ್ಲದೇ ಈ ಮನೆ ನಡೀಬೇಕು. ಆಮೇಲೆ ಮಾತಾಡೋಣ." ಅವನಿಗೆ ನೋವಾಯಿತು. "ನಾನು ಲೆಕ್ಕ ಇಟ್ಟುಕೊಂಡು ಮಾಡಿದ್ದಾ ಇದೆಲ್ಲ?" ಅಂದ. ಅಲ್ಲ ಅಂತ ನನಗೆ ಗೊತ್ತು. ಆದರೆ ಲೆಕ್ಕ ನನ್ನಲ್ಲಿತ್ತು. ದಿನಾ ಅವನು ಬಂದು ಹೋದಾಗ ನನ್ನ ಕಡೆ ಸಾಲ ಬೆಳೆಯುತ್ತಿತ್ತು. ಸಾಲ ತೀರಿಸಲು ಹೇಳುವ ಹೂಂ ಅವನಿಗೂ ಒಳ್ಳೆಯದಲ್ಲ. ಇದನ್ನು ಇಷ್ಟು ಚೆನ್ನಾಗಿ ಅವತ್ತು ಹೇಳಲು ಬರಲಿಲ್ಲ. ಅವನು ಹೊರಟುಹೋದ. 9 ದಿನ ಬರಲಿಲ್ಲ.

ಆ 9 ದಿನ ಕಷ್ಟವಾಗಿತ್ತು, ಒಪ್ಪುತ್ತೇನೆ. ಬೆಳಿಗ್ಗೆ ಗೇಟಿನ ಸದ್ದಾದರೆ ತಿರುಗಿ ನೋಡುತ್ತಿದ್ದೆ.

ವಾರಕ್ಕೆ 3 ದಿನ, ಬೆಳಿಗ್ಗೆ 8ರಿಂದ 10ರವರೆಗೆ ಬರಲು ಒಬ್ಬ ಗಂಡಸನ್ನು ಗೊತ್ತು ಮಾಡಿದೆ, ರೋಗಿಗಳನ್ನು ನೋಡಿಕೊಂಡು ಅಭ್ಯಾಸ ಇದ್ದವರು. ಮೊದಲ ವಾರ ಚಿಕ್ಕಪ್ಪನಿಗೆ ಇಷ್ಟವಾಗಲಿಲ್ಲ. ನಾನು ಅವರನ್ನೇ ಕೇಳಿದೆ, ಏನು ಮಾಡಿದರೆ ಪರವಾಗಿಲ್ಲ ಅಂತ. ಎಣಿಸಿದೆ. "ಮೇಲೆ ಟವೆಲ್ ಇರಲಿ" ಅಂದರು. ಅಷ್ಟೇ ಬೇಕಾಗಿದ್ದದ್ದು. ಸ್ನಾನ ಮಾಡುವಾಗಲೂ ತೊಡೆಯ ಮೇಲೆ ಒಂದು ಟವೆಲ್. ಸ್ಟೂಲಿನಲ್ಲಿ ಕೂತು, ಗೋಡೆಯ ಹಿಡಿ ಹಿಡಿದು, ಮಾತ್ರೆ ಏರಿದ ಹೊತ್ತಿನಲ್ಲಿ ಸ್ನಾನ. ಮುಖ ತೊಳೆಯುವುದು, ಗಡ್ಡ ಹೆರೆಯುವುದು, ಉಗುರು ತೆಗೆಯುವುದು ನನ್ನ ಪಾಲಿಗೆ ಬಿಟ್ಟುಕೊಟ್ಟರು. ಗಡ್ಡ ಹೆರೆಯುವಾಗ ಅವರ ಗದ್ದ ನನ್ನ ಅಂಗೈಯಲ್ಲಿ ಇರುತ್ತದೆ. 30 ವರ್ಷದಲ್ಲಿ ನಾನು ಅವರನ್ನು ಹಾಗೆ ಮುಟ್ಟಿರಲಿಲ್ಲ.

ಊಟದ ವಿಷಯದಲ್ಲೂ ಎಚ್ಚರ ಬೇಕಾಯಿತು. ನುಂಗುವ ಸ್ನಾಯುಗಳೂ ನಿಧಾನ, ತುತ್ತು ಉಸಿರಿನ ದಾರಿಗೆ ಹೋಗಿ ನ್ಯುಮೋನಿಯಾ ಆಗುವ ಅಪಾಯ ಈ ಕಾಯಿಲೆಯಲ್ಲಿ ದೊಡ್ಡದು. ನೆಟ್ಟಗೆ ಕೂರಿಸಿ, ಸಣ್ಣ ತುತ್ತು, ಒಂದು ನುಂಗಿದ ಮೇಲೆಯೇ ಇನ್ನೊಂದು, ಟಿವಿ ಆಫ್, ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರುವುದು. ನೀರು ಕುಡಿದ ಮೇಲೆ ಧ್ವನಿ ಗೊರಗೊರ ಅಂದರೆ ಅಥವಾ ಕೆಮ್ಮು ಬಂದರೆ ಅದನ್ನು ಬರೆದುಕೊಳ್ಳುತ್ತಿದ್ದೆ. ನುಂಗುವಿಕೆ ಮತ್ತು ಮಾತಿನ ಥೆರಪಿಸ್ಟ್ ಒಬ್ಬರು ಬಂದು ಧ್ವನಿಗೂ ಅಭ್ಯಾಸ ಕೊಟ್ಟರು. ಇವರಿಗೆ ತಾವು ಜೋರಾಗಿ ಮಾತಾಡುತ್ತಿದ್ದೇವೆ ಅಂತಲೇ ಅನ್ನಿಸುತ್ತದೆ, ನಮಗೆ ಪಿಸುಮಾತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಾಗ ಅವರಿಗೇ ಆಶ್ಚರ್ಯ.

ಬರಹವೂ ಹಾಗೇ. ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಅಂತ ಎರಡು ಸಲ ವಾಪಸ್ ಕಳಿಸಿದರು. ಅವರಿಗೆ ಸಹಿ ಮಾಡಲು ಆಗುವಾಗಲೇ ಹೊಸ ಸಹಿ ಕೊಟ್ಟು, ನನಗೆ ಅಧಿಕಾರ ಕೊಡುವ ಕಾಗದ ಮಾಡಿಸಿಕೊಂಡೆವು. ಮಲಮಕ್ಕಳು ಇದನ್ನು ಮುಂದೂಡಲೇಬಾರದು. ಆಸ್ಪತ್ರೆಯಲ್ಲಿ "ನೀವು ಏನಾಗಬೇಕು" ಅಂತ ಕೇಳಿದಾಗ, ಹೆಸರು ಬೇರೆ, ದಾಖಲೆಯಲ್ಲಿ ಸಂಬಂಧ ಇಲ್ಲ, ನಾನು ತಡವರಿಸಿದ್ದೆ. ಆ ಕಾಗದದಲ್ಲಿ ಸಂಬಂಧ ಅನ್ನುವ ಜಾಗವನ್ನು ಚಿಕ್ಕಪ್ಪ ತಾವೇ ಬರೆಯುತ್ತೇನೆ ಅಂದರು. ತುಂಬಾ ಹೊತ್ತು ಹಿಡಿಯಿತು. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ಮಗಳು" ಅಂತ ಬರೆದರು.

ಹತ್ತನೇ ದಿನ ಅವನು ಬಂದ. ಭಾನುವಾರ ಸಂಜೆ. ಸ್ನಾನ ಮಾಡಿಸಲು ಇಲ್ಲ, ಮಾತ್ರೆ ತರಲು ಇಲ್ಲ, ಎತ್ತಿ ಕೂರಿಸಲು ಇಲ್ಲ. ಸುಮ್ನೆ ಬಂದ. ನಾನು ಅವನನ್ನು ಅವತ್ತು ಮೊದಲ ಸಲ ನೋಡಿದ ಹಾಗಾಯಿತು, ಯಾಕೆಂದರೆ ಅವತ್ತು ಅವನಿಂದ ನನಗೆ ಆಗಬೇಕಾದ ಕೆಲಸ ಏನೂ ಇರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ನಾನು ಹೋದ ಮೇಲೆ 2 ವರ್ಷ ಸಿಟ್ಟಿತ್ತು, ಆಮೇಲೆ ಇರಲಿಲ್ಲ ಅಂದ. ಮದುವೆ ಮುರಿದದ್ದಕ್ಕೂ ನನಗೂ ಸಂಬಂಧವಿಲ್ಲ ಅಂದ. ಅದು ಕೇಳಿ ಹಗುರವೂ ಆಯಿತು, ಎಲ್ಲೋ ಚುಚ್ಚಿತು ಕೂಡ. ಇಷ್ಟು ವರ್ಷ ಅವನ ಬದುಕಿನಲ್ಲಿ ನನ್ನ ಜಾಗ ದೊಡ್ಡದು ಅಂತ ನಾನೇ ಅಂದುಕೊಂಡಿದ್ದೆ. ನಾನು ಪ್ರೀತಿಸಿದ್ದ ಹುಡುಗ ಜಾಸ್ತಿ ಮಾತಾಡುತ್ತಿದ್ದ, ಬೇಗ ಸಿಟ್ಟಾಗುತ್ತಿದ್ದ. ಈ ಮನುಷ್ಯ ಯೋಚಿಸಿ ಮಾತಾಡುತ್ತಾನೆ. ಅವನನ್ನು ನನಗೆ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿದೆ ಅಂತ ಹೇಳಿದೆ. ಅವನೂ ಅದನ್ನೇ ಹೇಳಬೇಕು ಅಂತಿದ್ದ ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಅವನು ಏನೂ ಹೇಳಲಿಲ್ಲ. ಒಳಗೆ ಹೋಗಿ ಚಿಕ್ಕಪ್ಪನ ಪಕ್ಕ ಕೂತ.

ಆ ರಾತ್ರಿ ಚಿಕ್ಕಪ್ಪನನ್ನು ಕೇಳಿದೆ. ರಾತ್ರಿ ಮಾತ್ರೆ ಏರಿ ಅವರು ಸಲೀಸಾಗಿದ್ದ ಹೊತ್ತು. "ಅವತ್ತು ನನಗೆ ಹೋಗು ಅಂತ ಯಾಕೆ ಅಂದ್ರಿ?" ಎಣಿಸತೊಡಗಿದೆ. 20 ಆಯಿತು. 40 ಆಯಿತು. ಮರೆತರೇನೋ ಅಂದುಕೊಂಡೆ, ಆದರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೊನೆಗೆ ಪಿಸುಮಾತಿನಲ್ಲಿ ಹೇಳಿದರು, "ನಿಮ್ಮಮ್ಮಂಗೂ ಕೆಲಸ ಸಿಕ್ಕಿತ್ತು. ಅವಳನ್ನ ಯಾರೂ ಬಿಡಲಿಲ್ಲ. ಅವಳು ಅದನ್ನ ಯಾವಾಗಲೂ ಹೇಳ್ತಿದ್ದಳು."

ಅಮ್ಮ ನನಗೆ ಅದನ್ನು ಒಂದು ದಿನವೂ ಹೇಳಿರಲಿಲ್ಲ. ಇವರಿಗೆ ಹೇಳಿದ್ದಳು.

ಈಗ 14 ತಿಂಗಳಾಯಿತು. ಭಾನುವಾರ ಸಂಜೆ 4ರಿಂದ 7 ನನ್ನ ಹೊತ್ತು. ಆಗ ಅವನು ಚಿಕ್ಕಪ್ಪನ ಜೊತೆ ಇರುತ್ತಾನೆ, ನಾನು ಹೊರಗೆ ಹೋಗುತ್ತೇನೆ. ಕೆಲವು ಭಾನುವಾರ ಚಿಕ್ಕಮ್ಮ ಬಂದು ಕೂರುತ್ತಾರೆ, ಆಗ ನಾವಿಬ್ಬರೂ ನಡೆದು ಬರುತ್ತೇವೆ. ಅವನು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅವನು ಮತ್ತೆ ಕೇಳಿಲ್ಲ. ಆ 3 ಗಂಟೆಯನ್ನು ಮಾತ್ರ ನಾನು ಏನೇ ಆದರೂ ಬಿಟ್ಟುಕೊಡುವುದಿಲ್ಲ. ಮೊದಲ ಎರಡು ತಿಂಗಳು ಹೀಗೆ ಒಂದು ಹೊತ್ತು ಇಟ್ಟುಕೊಂಡಿರಲಿಲ್ಲ, ಅದರ ಪರಿಣಾಮ ಆ ಬೆಂಚಿನ ಮೇಲೆ ನೋಡಿದೆ.

ಇವತ್ತು ಬೆಳಿಗ್ಗೆ 6ಕ್ಕೆ ಮೊದಲ ಅಲಾರಂ. ಮಾತ್ರೆ ಕೊಟ್ಟೆ. ಕಾಲಾಡಿಸುತ್ತಾ ಕೂತರು. ಆರೂವರೆಗೆ ಎದ್ದು ಬಾಗಿಲವರೆಗೆ ಬಂದು ನಿಂತರು. ಟೇಪಿನ ಎರಡನೇ ಗೆರೆ ಸವೆದು ಅರ್ಧ ಕಿತ್ತುಬಂದಿದೆ, ಅಲ್ಲೇ ಕಾಲು ನಿಂತಿತು. ನಾನು ನನ್ನ ಪಾದ ಅಡ್ಡ ಇಟ್ಟೆ. ಅವರು ಕೆಳಗೆ ನೋಡಿದರು, ನನ್ನನ್ನು ನೋಡಿದರು, ಮುಖದಲ್ಲಿ ಏನೂ ಇಲ್ಲ. "ಖುಷಿನಾ?" ಅಂತ ಕೇಳಿದೆ. ಗೆರೆ ದಾಟಿ, ನಾಲ್ಕು ಹೆಜ್ಜೆ ನಡೆದು, ಬಚ್ಚಲ ಬಾಗಿಲು ಹಿಡಿದ ಮೇಲೆ ಹೂಂ ಅಂದರು.